ಖಾಸ್ ಗಾಡಿಯ ಕಿಮ್ಮತ್ತು

ಕಲಬುರಗಿಯ ನಮ್ಮ ಗಾಜಿಪುರದ ಓಣಿಗೆ ಬೆಳಿಗ್ಗೆ ಹಾಲಿನವನು ಬಂದು, ಪುಂಡಿಪಲ್ಯೆ ಮಾರುವವಳು ಬಂದು ಹೋದ ಮೇಲೆ ಭಂಗಾರದವನ ಗಾಡಿ ಬರುತ್ತದೆ. ಹಳೇ ಕಬ್ಬಿಣ, ಮುರಿದ ಕುರ್ಚಿ, ಕೆಟ್ಟ ಕೂಲರ್ ಇದ್ದರೆ ಕೊಡಿ ಎಂದು ಅದರ ನೆತ್ತಿಯ ಮೇಲಿನ ಸ್ಪೀಕರು ಒಂದೇ ಸಮನೆ ಕೂಗುತ್ತಿರುತ್ತದೆ. ಗುಜರಿ ಸಾಮಾನಿಗೆ ನಮ್ಮ ಕಡೆ ಭಂಗಾರ ಎನ್ನುತ್ತೇವೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಪಕ್ಕದ ಮನೆಯ ಮೇಡಂ ಮೊದಲ ದಿನ ಇದನ್ನು ಕೇಳಿ, ಈ ಊರಿನಲ್ಲಿ ಬಂಗಾರವನ್ನೂ ತಳ್ಳುಗಾಡಿಯಲ್ಲಿ ಕೊಳ್ಳುತ್ತಾರೆಯೇ ಎಂದು ಗಾಬರಿಯಾಗಿದ್ದರು. ಒಂದೇ ಒಂದು ಮಹಾಪ್ರಾಣದ ವ್ಯತ್ಯಾಸ ನೋಡಿ. ಬಾಯಿ ಸ್ವಲ್ಪ ಸಡಿಲವಾದರೆ ಕಸ ಹೋಗಿ ಚಿನ್ನವಾಗುತ್ತದೆ.

ಈ ಪ್ರಸಂಗವನ್ನು ನಾನು ಕಾಲೇಜಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನಾನು ಗ್ರಂಥಾಲಯದವನು. ದಿನವಿಡೀ ಮೌನವಾಗಿರಿ ಎಂದು ಹೇಳುವ ಕೆಲಸವಾದ್ದರಿಂದ ಚಹಾದ ಹೊತ್ತಿನಲ್ಲಿ ಮಾತು ಸ್ವಲ್ಪ ಹೆಚ್ಚು. ಆದರೆ ಈಚೆಗೆ ಅದನ್ನು ಹೇಳುವುದು ಬಿಟ್ಟಿದ್ದೇನೆ. ಓಣಿಯ ತುದಿಯಲ್ಲಿ ಆ ಸ್ಪೀಕರಿನ ದನಿ ಕೇಳಿತೆಂದರೆ ಎದ್ದು ಕಿಟಕಿ ಮುಚ್ಚುತ್ತೇನೆ. ಗದ್ದಲ ತಡೆಯಲಾಗದ ವಯಸ್ಸು ಬಂತೆಂದು ನನ್ನ ಹೆಂಡತಿ ತಿಳಿದುಕೊಂಡಿದ್ದಾಳೆ. ತಿಳಿದುಕೊಂಡಿರಲಿ. ನನಗೆ ಆಗ ನೆನಪಾಗುವುದು ಕಮಲಾಪುರದ ನೀಲಮ್ಮತ್ತಿ.

ನೀಲಮ್ಮತ್ತಿ ಎಂದರೆ ನನ್ನ ಸೋದರಮಾವ ಗುರುಶಾಂತಪ್ಪನ ಹೆಂಡತಿ. ಮಾವನದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ಅದರಲ್ಲಿ ಬಂದದ್ದನ್ನು ಕೂಡಿಸಿ ಗಂಡ ಹೆಂಡತಿ ಒಂದು ಮನೆ ಕಟ್ಟಬೇಕೆಂದುಕೊಂಡಿದ್ದರು. ಪಾಯ ಅಗೆಯಲು ಮುಹೂರ್ತವೂ ನೋಡಿ ಆಗಿತ್ತು. ಅಷ್ಟರಲ್ಲಿ ಮಾವ ನಮ್ಮ ಊರಿಗೆ, ಆಗಿನ ಗುಲ್ಬರ್ಗಾಕ್ಕೆ, ಹೋಗಿ ಬಾಗಿಲು, ಕಿಟಕಿಯ ಕಟ್ಟಿಗೆ ತರುವ ಬದಲು ಒಂದು ಕಾರು ತಂದ.

ಆ ಕಾರಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಆಗ ನಮ್ಮ ಊರಿನ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಸೇಟರು ಹೊಸ ಕಾರು ಮಾರುತ್ತಿದ್ದರು. ಕಂಪನಿ ಕಳಿಸಿದ ಕಾರನ್ನು ಕಳಿಸಿದ ಹಾಗೇ ಮಾರಿದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಬೊಂಬಾಯಿಯಲ್ಲಿ ಕಾರುಗಳ ಓಟದ ಪಂದ್ಯ ನೋಡಿ ಬಂದ ಮೇಲೆ ಆ ಹುಚ್ಚು ಹಿಡಿಯಿತೆಂದು ಹೇಳುತ್ತಿದ್ದರು. ಹೊಸ ಕಾರಿನ ಎಂಜಿನ್ ಬಿಚ್ಚಿ ಪಕ್ಕಕ್ಕಿಟ್ಟು, ಬಂದರಿನ ಕಡೆಯಿಂದ ತರಿಸಿದ ವಿದೇಶಿ ಗಾಡಿಯ ದೊಡ್ಡ ಎಂಜಿನ್ ಕೂಡಿಸುವರು. ಗಾಲಿ ಅಗಲ ಮಾಡಿಸುವರು. ಹಿಂದೆ ಒಂದು ಹೊಗೆಕೊಳವೆ ಇದ್ದಲ್ಲಿ ಎರಡು. ಮೂತಿಯ ಮೇಲೆ ಕರಿ ಪಟ್ಟೆ. ಒಳಗೆ ಗಡಿಯಾರದ ಪಕ್ಕ ತಮ್ಮ ಅಂಗಡಿಯ ಹೆಸರಿನ ಚಿಕ್ಕ ಹಿತ್ತಾಳೆ ತಗಡು. ಜನ ಅದಕ್ಕೆ ಖಾಸ್ ಗಾಡಿ ಎಂದು ಹೆಸರಿಟ್ಟಿದ್ದರು. ಅಂಥವು ಬೆರಳೆಣಿಕೆಯಷ್ಟು ಆಗಿರಬೇಕು, ಅಷ್ಟೇ. ಕೊಳ್ಳುವ ಹುಚ್ಚರೂ ಸಿಗಬೇಕಲ್ಲ.

ಶರಣಬಸವೇಶ್ವರ ಗುಡಿಯ ಮುಂದೆ ಅದಕ್ಕೆ ಪೂಜೆ ಮಾಡಿಸಿದಾಗ ನಾನಿದ್ದೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜಾರಿ ಸರಿಯುವ ಮೊದಲೇ ಮಾವ ಗಾಡಿ ಚಾಲೂ ಮಾಡಿದ. ಆ ಗುಡುಗಿಗೆ ಪಕ್ಕದಲ್ಲಿ ನಿಂತಿದ್ದ ಟಾಂಗಾದ ಕುದುರೆ ಮುಂಗಾಲೆತ್ತಿತು. ನನಗೆ ಚಡ್ಡಿ ಒದ್ದೆಯಾಗಿತ್ತು ಎಂದು ನಮ್ಮಕ್ಕ ಇಂದಿಗೂ ಹೇಳುತ್ತಾಳೆ. ಅದು ಸುಳ್ಳು. ತೆಂಗಿನಕಾಯಿಯ ನೀರು ಸಿಡಿದಿತ್ತು.

ಕಮಲಾಪುರದ ದಾರಿಯಲ್ಲಿ ಅಂದು ಹೋದದ್ದನ್ನು ಹೇಗೆ ಹೇಳಲಿ! ಎರಡೂ ಕಡೆ ಜೋಳದ ಹೊಲ, ಬಿಸಿಲಿಗೆ ಕಾದ ರೆಗ್ಜಿನ್ ಸೀಟು ತೊಡೆಗೆ ಅಂಟಿ ಚುರುಗುಟ್ಟುತ್ತಿತ್ತು, ಕಿಟಕಿಯಿಂದ ಬರುವ ಗಾಳಿ ಬಾಯಿ ತೆರೆದರೆ ಗಂಟಲಿಗೇ ಇಳಿಯುತ್ತಿತ್ತು. ಅತ್ತಿ ಮುಂದಿನ ಸೀಟಿನಲ್ಲಿ ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮನೆಯ ಕಟ್ಟಿಗೆ ತರಲು ಹೋದವನು ಇದನ್ನು ತಂದನೆಂದು ಆಕೆ ಎರಡು ದಿನ ಅತ್ತಿದ್ದಳೆಂದು ನಮಗೆಲ್ಲ ಗೊತ್ತಿತ್ತು. ಏರು ಬಂದಾಗ ಮಾವ ಅಂಜಿಕೆ ಆಗುತ್ತದೆಯೇ ಎಂದು ಕೇಳಿದ. ಅತ್ತಿ ಸೆರಗು ಬಿಟ್ಟು, ‘ಇನ್ನಾ ಸ್ವಲ್ಪ ಜೋರ್ ಬಿಡ್ರಿ,’ ಎಂದಳು. ಆ ಮಾತು ಆಮೇಲೆ ನಮ್ಮ ಬಳಗದಲ್ಲಿ ಗಾದೆಯಾಗಿ ಕೂತಿತು. ಊಟಕ್ಕೆ ಬಡಿಸುವವರಿಗೂ ಹಾಗೇ ಹೇಳುತ್ತಿದ್ದೆವು.

ಮನೆಯಂತೂ ಏಳಲಿಲ್ಲ. ಪತ್ರಾಸಿನ, ಅಂದರೆ ತಗಡಿನ ಮಾಡಿನ, ಕೆಳಗೆ ಅವರ ಸಂಸಾರ ನಡೆಯಿತು. ಬೇಸಿಗೆಯಲ್ಲಿ ಪತ್ರಾಸು ಕಾದು ಒಳಗೆ ಕೂಡಲಾಗದೆ ಇಬ್ಬರೂ ಬೇವಿನ ನೆರಳಲ್ಲಿ ನಿಲ್ಲಿಸಿದ ಕಾರಿನ ಒಳಗೆ ಕೂತು ಉಣ್ಣುತ್ತಿದ್ದರು. ಅವರ ಮಗಳು ಮಹಾದೇವಿ ಆಡಿ ಬೆಳೆದದ್ದೂ ಅದರ ಹಿಂದಿನ ಸೀಟಿನಲ್ಲಿಯೇ. ಕಾರು ಮಾತ್ರ ಎಮ್ಮೆ ಕಲಗಚ್ಚು ಕುಡಿದ ಹಾಗೆ ಪೆಟ್ರೋಲು ಕುಡಿಯುತ್ತಿತ್ತು. ಕೆಟ್ಟರೆ ಯಾವ ಮಿಸ್ತ್ರಿಯೂ ಮುಟ್ಟುತ್ತಿರಲಿಲ್ಲ. ಕಂಪನಿಯ ಬಿಡಿಭಾಗ ಅದಕ್ಕೆ ಕೂಡುತ್ತಿರಲಿಲ್ಲ, ಅದಕ್ಕೆ ಕೂಡುವಂಥದ್ದು ಈ ದೇಶದಲ್ಲೇ ಸಿಗುತ್ತಿರಲಿಲ್ಲ. ಸೇಟರು ಮಾವನಿಗೆ ಟೋಪಿ ಹಾಕಿದರೆಂದು ಊರೆಲ್ಲ ನಕ್ಕಿತು. ಮಾವನೂ ನಕ್ಕ. ತನ್ನ ಮೇಲೆ ತಾನೇ ನಗುವವನನ್ನು ಊರು ಬೇಗ ಬಿಟ್ಟುಬಿಡುತ್ತದೆ.

ಆಮೇಲೆ ಮಾವನಿಗೆ ಎದೆಯ ಬೇನೆ ಬಂತು. ಗುಲ್ಬರ್ಗಾದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ತೋಟ ನೋಡುವವರಿಲ್ಲ. ಅತ್ತಿ ಒಂದು ಕೆಲಸ ಮಾಡಿದಳು. ಊರಿನ ಮಿಸ್ತ್ರಿಯನ್ನು ಕರೆಸಿ ಆ ದೊಡ್ಡ ಎಂಜಿನ್ ಎತ್ತಿಸಿ, ಅಪಘಾತದಲ್ಲಿ ನುಜ್ಜಾದ ಯಾವುದೋ ಟೆಂಪೋದ ಡೀಸೆಲ್ ಎಂಜಿನ್ ಕೂಡಿಸಿದಳು. ಒಬ್ಬ ಡ್ರೈವರನನ್ನು ಹಚ್ಚಿದಳು. ಖಾಸ್ ಗಾಡಿ ಕಮಲಾಪುರದಿಂದ ಗುಲ್ಬರ್ಗಾಕ್ಕೆ ಸವಾರಿ ಹೊಡೆಯತೊಡಗಿತು. ಒಳಗೆ ಹಿಡಿದಷ್ಟು ಜನ, ಡಿಕ್ಕಿಯಲ್ಲಿ ಬಾಳೆಗೊನೆ. ಮಾವನ ಔಷಧಿ, ಮಹಾದೇವಿಯ ಶಾಲೆ, ಮನೆಯ ಜೋಳ ಎಲ್ಲವೂ ಅದರ ಮೇಲೆ ನಡೆದವು.

ಮಾವ ಗುಣವಾಗಿ ಊರಿಗೆ ಬಂದ ದಿನ ನಾನೇ ಕರೆತಂದಿದ್ದೆ. ಎಂಜಿನ್ ಬದಲಾದದ್ದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಕಾರಿನಿಂದ ಗಡಗಡ ಎಂದು ಟೆಂಪೋದ ಸದ್ದು ಬಂದಾಗ ನಾವೆಲ್ಲ ಅವನ ಮುಖ ನೋಡಿದೆವು. ಅತ್ತಿ ಅಡಿಗೆಮನೆಯಿಂದ ಹೊರಗೇ ಬಂದಿರಲಿಲ್ಲ. ಮಾವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ‘ಛಲೋ ಮಾಡ್ದಿ ನೀಲಾ. ಪೆಟ್ರೋಲ್ ಬಂಕಿನವ್ನ ಮನಿ ಕಟ್ಟಸಲಿಕ್ಕೆ ನಾವು ದುಡಿಯೋದು ತಪ್ಪಿತು,’ ಎಂದ. ಅತ್ತಿ ನಗುತ್ತ ಹೊರಗೆ ಬಂದಳು. ಬಿಚ್ಚಿಟ್ಟ ಎಂಜಿನ್ ಕೆಲವು ವರ್ಷ ದನದ ಕೊಟ್ಟಿಗೆಯ ಮೂಲೆಯಲ್ಲಿತ್ತು. ಕೋಳಿಗಳು ಅದರ ಮೇಲೆ ಕೂಡುತ್ತಿದ್ದವು. ಒಂದು ಬೇಸಿಗೆಯಲ್ಲಿ ಅದು ಭಂಗಾರದವನ ಗಾಡಿ ಹತ್ತಿ ಹೋಯಿತು. ಯಾರೂ ಅದಕ್ಕಾಗಿ ಮರುಗಲಿಲ್ಲ.

ಇಲ್ಲಿಗೆ ಈ ಬರಹ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮೂವತ್ತು ವರ್ಷ ಅವರಿಬ್ಬರೂ ಯಾವ ಮದುವೆಗೆ ಹೋದರೂ ಇದನ್ನೇ ಹೇಳಿ ನಗಿಸುತ್ತಿದ್ದರು. ಮಾವ ತನ್ನ ಹುಚ್ಚುತನ ಹೇಳುವನು, ಅತ್ತಿ ತನ್ನ ಧೈರ್ಯ ಹೇಳುವಳು. ಮಗಳ ಮದುವೆಯಾಗಿ ಅಳಿಯನೂ ಅವರೊಡನೆಯೇ ಇರಲು ಬಂದಿದ್ದ. ಕಮಲಾಪುರದಲ್ಲಿ ಮೊಬೈಲ್ ಅಂಗಡಿ ಅವನದು. ಕಡೆಗೆ ಅವನೇ ಒಂದು ಮನೆಯನ್ನೂ ಕಟ್ಟಿದ. ಓಡುವುದು ನಿಂತ ಕಾರು ಮಾತ್ರ ಅಂಗಳದಲ್ಲಿತ್ತು.

ಅಂಗಳ ಖಾಲಿಯಾಗಲಿ ಎಂದು ಅಳಿಯ ಅದರ ಫೋಟೋ ತೆಗೆದು ಫೋನಿನಲ್ಲಿ ಹಾಕಿದ. ಯಾರಾದರೂ ಗ್ಯಾರೇಜಿನವರು ಬಂದು ಎಳೆದುಕೊಂಡು ಹೋಗಲಿ, ಅಷ್ಟೇ ಅವನ ಆಸೆ. ಆದರೆ ಫೋಟೋದಲ್ಲಿ ಆ ಹಿತ್ತಾಳೆ ತಗಡು ಬಿದ್ದಿತ್ತು. ಎಲ್ಲೆಲ್ಲಿಂದಲೋ ಕರೆಗಳು ಬರತೊಡಗಿದವು. ಹಳೆಯ ಗಾಡಿ ಸಂಗ್ರಹಿಸುವವರದೇ ಒಂದು ಲೋಕವಿದೆಯೆಂದು ನಮಗೆ ಗೊತ್ತಾದದ್ದು ಆಗಲೇ. ನಾನೂ ಗ್ರಂಥಾಲಯದಲ್ಲಿ ಕೂತು ಫೋನಿನಲ್ಲಿ ನೋಡಿದೆ. ಅಮೆರಿಕದಲ್ಲಿ ಇಂಥ ಕಾರುಗಳ ಹರಾಜು ನಡೆಯುತ್ತದೆ. ಆ ಕಾಲದ ಯಾವನೋ ಅಂಗಡಿಕಾರ ಕಂಪನಿಯ ಕಾರಿಗೆ ದೊಡ್ಡ ಎಂಜಿನ್ ತುರುಕಿ ಮಾರಿದ್ದರೆ ಅದಕ್ಕೆ ಕಂಪನಿಯ ಕಾರಿಗಿಂತ ಎಷ್ಟೋ ಪಟ್ಟು ಬೆಲೆ. ಬಿಳಿ ಕೂದಲಿನ ಗಂಡಸರು ಬಾಣಂತಿಯ ಕೈಯಿಂದ ಕೂಸು ತೆಗೆದುಕೊಳ್ಳುವ ಹಾಗೆ ಅದರ ಬಾಗಿಲು ಮುಟ್ಟುತ್ತಾರೆ. ಒಂದೇ ಷರತ್ತು, ಎಲ್ಲವೂ ಮೊದಲಿನದೇ ಇರಬೇಕು. ನನಗೂ ಅರವತ್ತು ಹತ್ತಿರವಾಯಿತು. ಅರ್ಧ ಹಲ್ಲು ಕಟ್ಟಿಸಿದವು, ಕಣ್ಣಿನಲ್ಲಿ ಕೂಡಿಸಿದ ಲೆನ್ಸು. ನನ್ನನ್ನು ಯಾರೂ ಸಂಗ್ರಹಿಸಲಾರರು ಎಂದು ನಗು ಬಂತು. ಅದೇ ಕೊನೆಯ ನಗು.

ಹೈದರಾಬಾದಿನಿಂದ ಒಬ್ಬರು ಬಂದರು. ತಾಯಿಯ ತವರು ಬೀದರ ಕಡೆಯಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ತುಂಬ ಮರ್ಯಾದಸ್ಥ ಮನುಷ್ಯ. ಚಪ್ಪಲಿ ಬಿಟ್ಟು ಕಾರಿನೊಳಗೆ ಕೂತರು. ಹಿತ್ತಾಳೆ ತಗಡನ್ನು ಕರವಸ್ತ್ರದಿಂದ ಒರೆಸಿದರು. ಕಂಪನಿ ಎಲ್ಲರಿಗಾಗಿ ಮಾಡಿದ್ದನ್ನು ಈ ಸೇಟರು ಒಬ್ಬೊಬ್ಬರಿಗಾಗಿ ಮಾಡಿದರು, ಅದನ್ನು ಗುರುತಿಸಿ ಕೊಂಡ ನಿಮ್ಮ ಕಣ್ಣು ದೊಡ್ಡದು ಎಂದು ಮಾವನ ಕೈ ಹಿಡಿದು ಹೇಳಿದರು. ಜೀವಮಾನವೆಲ್ಲ ಟೋಪಿ ಹಾಕಿಸಿಕೊಂಡವನೆಂದು ಅನ್ನಿಸಿಕೊಂಡ ಮಾವ ಆ ಗಳಿಗೆಯಲ್ಲಿ ಹೇಗಿದ್ದನೆಂದು ನೀವು ನೋಡಬೇಕಾಗಿತ್ತು. ಬೆನ್ನು ನೆಟ್ಟಗಾಗಿತ್ತು. ಅತ್ತಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.

ಆಮೇಲೆ ಅವರು ಕಾರಿನ ಮುಂದಿನ ಬಾಯಿ ತೆರೆಸಿದರು. ಬಹಳ ಹೊತ್ತು ಬಗ್ಗಿ ನೋಡಿದರು.

‘ಅಪ್ಪಾಜಿ, ಇದು ಟೆಂಪೋದ್ದು. ಸೇಟ್ ಸಾಹೇಬ್ರು ಕೂಡ್ಸಿದ್ದು ಎಲ್ಲದ?’

ಅತ್ತಿಯೇ ಹೇಳಿದಳು: ‘ಮಾರೀನ್ರಿ. ಭಂಗಾರದವಂಗ.’

ಆ ಮನುಷ್ಯ ಸತ್ತವರ ಮನೆಯಲ್ಲಿ ಕೂಡುವ ಹಾಗೆ ಕುರ್ಚಿಯ ತುದಿಗೆ ಕೂತರು. ಎಂಜಿನ್ ಇಲ್ಲದ ಮೇಲೆ ಇದು ಬರೀ ಡಬ್ಬಿ, ತನ್ನಂಥವರಿಗೆ ಉಪಯೋಗವಿಲ್ಲ ಎಂದು ಮೆಲ್ಲಗೆ ಹೇಳಿದರು. ತಗಡಿಗೊಂದಿಷ್ಟು, ಗಾಲಿಗೊಂದಿಷ್ಟು ಕೊಡಬಲ್ಲೆನೆಂದರು. ಮಾವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ‘ಇದ್ದಿದ್ರ?’ ಎಂದ. ಈಗ್ಯಾಕೆ ಬಿಡಿ ಎಂದು ಅವರು ತಪ್ಪಿಸಿಕೊಳ್ಳಲು ನೋಡಿದರು. ಮಾವ ಬಿಡಲಿಲ್ಲ. ‘ಇದ್ದಿದ್ರ ಎಷ್ಟ್ ಬರ್ತಿತ್ರಿ?’

‘ಶರಣಸಿರಸಗಿ ಕಡಿ ಹೊಸ ಲೇಔಟ್ ಆಗ್ಯಾವಲ್ರಿ ಅಪ್ಪಾಜಿ, ಅಲ್ಲೊಂದು ಎರಡಂತಸ್ತಿನ ಮನಿ ಬರ್ತಿತ್ತು.’

ಬೇರೆ ಏನನ್ನಾದರೂ ಹೇಳಬಹುದಿತ್ತು ಅವರು. ಹೊಲ ಎನ್ನಬಹುದಿತ್ತು, ಹೊಸ ಟ್ರ್ಯಾಕ್ಟರ್ ಎನ್ನಬಹುದಿತ್ತು. ಮನೆ ಎಂದರು.

‘ಇದ್ದಿದ್ರ’ ಎನ್ನುವುದಕ್ಕಿಂತ ಕ್ರೂರವಾದ ಮಾತು ನಮ್ಮ ಭಾಷೆಯಲ್ಲಿ ಇದೆಯೋ ಇಲ್ಲವೋ, ನಾನರಿಯೆ. ಮಾವ ಅಂದಿನಿಂದ ಅದರೊಳಗೆ ಹೋಗಿ ಸೇರಿಕೊಂಡ. ಮನೆಗೆ ಯಾರೇ ಬರಲಿ, ಅಂಗಳಕ್ಕೆ ಕರೆದೊಯ್ದು ಕಾರು ತೋರಿಸುವನು. ಎಂಜಿನ್ ಇದ್ದಿದ್ದರೆ ಏನು ಬರುತ್ತಿತ್ತೆಂದು ಹೇಳುವನು. ನಾನು ಹೋದಾಗಲೆಲ್ಲ ಆ ಮನೆಗೆ ಒಂದು ಅಂತಸ್ತು ಹೆಚ್ಚಾಗಿರುತ್ತಿತ್ತು. ಕಡೆಗೆ, ‘ಮಾರ್ಯಾಳಲ್ಲ,’ ಎಂದು ಮಾರಿದವಳನ್ನು ತೋರಿಸುವನು. ಅತ್ತಿ ಅಲ್ಲೇ ಇರುತ್ತಿದ್ದಳು. ಆಕೆಯೊಡನೆ ಮಾತ್ರ ಮಾತು ನಿಲ್ಲಿಸಿದ. ಜಗಳವಿಲ್ಲ, ಬೈಗುಳವಿಲ್ಲ. ನೀರು ಬೇಕಾದರೆ ಮಗಳನ್ನು ಕೇಳುತ್ತಿದ್ದ. ಮಹಾದೇವಿ ಅತ್ತು ನೋಡಿದಳು. ಅಳಿಯ, ಕಾರನ್ನೇ ಎಳೆಸಿಬಿಡುತ್ತೇನೆಂದು ಹೊರಟರೆ ಮಾವ ಅದರ ಮುಂದೆ ಹೋಗಿ ಕೂತ. ನಾನು ಓದಿದವನೆಂದು ನನ್ನನ್ನು ಕರೆಸಿದರು. ಹಣವೇ ಎಲ್ಲ ಅಲ್ಲ, ಆರೋಗ್ಯ ಮುಖ್ಯ ಎಂದು ಗೋಡೆಯ ಕ್ಯಾಲೆಂಡರಿನ ಕೆಳಗೆ ಬರೆದಿರುವಂಥ ಮಾತುಗಳನ್ನಾಡಿ, ಹೊಟ್ಟೆ ತುಂಬ ಉಂಡು ಬಂದೆ.

ಕಳೆದ ಬೇಸಿಗೆಯಲ್ಲಿ ಅತ್ತಿ ಒಬ್ಬಳೇ ಬಸ್ಸು ಹತ್ತಿ ಕಲಬುರಗಿಗೆ ಬಂದಳು. ಶರಣಬಸವೇಶ್ವರ ಗುಡಿಗೆ ಹೋಗಬೇಕು, ಜತೆಗೆ ಬಾ ಎಂದಳು. ಕೈ ಮುಗಿದು ಹೊರಗೆ ಬಂದ ಮೇಲೆ, ಮನೆಗೆ ಹೋಗೋಣವೆಂದರೆ ಭಂಗಾರದ ಅಂಗಡಿಗಳು ಎಲ್ಲಿವೆ ಎಂದು ಕೇಳಿದಳು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಒಂದು ಆಟೋ ಕರೆದೆ.

ಆ ದಿನದ ಬಿಸಿಲು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಒಂದೊಂದು ಅಂಗಡಿಯ ಮುಂದೆ ಆಟೋ ನಿಲ್ಲಿಸುವುದು, ಅತ್ತಿ ಇಳಿಯುವುದು. ತುಕ್ಕು ಹಿಡಿದ ಸೈಕಲ್ಲು, ಪಂಪು, ಮಂಚಗಳ ಗುಡ್ಡದ ಮುಂದೆ ನಿಂತು ಎರಡೂ ಕೈ ಚಾಚಿ ಇಷ್ಟುದ್ದ, ಇಷ್ಟೆತ್ತರ, ಹಸಿರು ಬಣ್ಣ ಎಂದು ತೋರಿಸುವುದು. ಮೇಲೆ ಕೋಳಿ ಹಿಕ್ಕಿ ಬಿದ್ದಿರುತ್ತಿತ್ತು ಎಂದೂ ಸೇರಿಸುವಳು, ಅದರಿಂದಲೇ ಗುರುತು ಸಿಕ್ಕೀತು ಎಂಬಂತೆ. ಕೆಲವರು ನಕ್ಕರು. ಕೆಲವರು ಯಾವಾಗ ಮಾರಿದ್ದೆಂದು ಕೇಳಿ, ನನ್ನ ಮುಖ ನೋಡಿ, ಮುದುಕಿಗೆ ಏನೋ ಆಗಿದೆ ಎಂದುಕೊಂಡು ತಮ್ಮ ಕೆಲಸಕ್ಕೆ ತಿರುಗಿದರು. ಒಂದು ಅಂಗಡಿಯಲ್ಲಿ ವಯಸ್ಸಾದ ಸಾಹೇಬರೊಬ್ಬರು ಕುರ್ಚಿ ಹಾಕಿಸಿ, ತಂಪು ನೀರು ತರಿಸಿ ಕೊಟ್ಟು, ಪೂರಾ ಕೇಳಿಸಿಕೊಂಡರು.

‘ಲೋಹಾ ನಮ್ಮ ಹತ್ರ ನಿಲ್ಲಂಗಿಲ್ಲ ಅಮ್ಮಾ. ಇಲ್ಲಿಂದ ಲಾರಿ, ಲಾರಿಯಿಂದ ಸೀದಾ ಭಟ್ಟಿ. ಕರಗಿ ಯಾರದೋ ಮನಿ ಕಿಟಕಿಗೆ ಸಳಿ ಆಗಿರ್ತದ. ದಿಲ್ ಛೋಟಾ ಮಾಡ್ಕೋಬ್ಯಾಡ್ರಿ.’

ಸಮಾಧಾನಕ್ಕೆಂದು ಹೇಳಿದ ಮಾತು. ಆದರೆ ಅಲ್ಲಿಂದ ಬಸ್ ಸ್ಟ್ಯಾಂಡಿನ ತನಕ ಅತ್ತಿ ಆಟೋದಿಂದ ತಲೆ ಹೊರಗೆ ಹಾಕಿ ದಾರಿಯ ಮನೆಗಳ ಕಿಟಕಿಗಳನ್ನೇ ನೋಡುತ್ತಿದ್ದಳು.

ಬಸ್ಸಿಗೆ ಕಾಯುತ್ತ ಕೂತಾಗ ನನಗೆ ತಡೆಯಲಾಗಲಿಲ್ಲ. ಎಂಜಿನ್ ಹೋದ ದಿನ ನಾನು ಕಮಲಾಪುರದಲ್ಲಿಯೇ ಇದ್ದೆ. ಹೊಸದಾಗಿ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಭಂಗಾರದವನು ಬಂದಾಗ ಅತ್ತಿ, ಇರಲಿ ಬಿಡಿ, ಮುಂದೆಂದಾದರೂ ಬೇಕಾದೀತು ಎಂದಿದ್ದಳು. ಹಿಂದಿನ ದಿನವಷ್ಟೇ ಅದಕ್ಕೆ ಎಡವಿ ಉಗುರು ಕಿತ್ತುಕೊಂಡಿದ್ದ ಮಾವ, ‘ಕೊಟ್ ಕಳಸು, ಕಾಲಿಗಿ ಬಡೀತದ,’ ಎಂದಿದ್ದ. ಎತ್ತಿ ಗಾಡಿಗೆ ಹಾಕಲು ತಾನೂ ಒಂದು ಕೈ ಕೊಟ್ಟಿದ್ದ. ಇದೆಲ್ಲ ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಾಗೆಂದು ಅತ್ತಿಯ ಮುಂದೆ ಹೇಳಿದೆ. ಆಕೆಗೂ ನೆನಪಿತ್ತು. ಮಾವನಿಗೆ ಮಾತ್ರ ಮರೆತಿದೆ, ನಾನೇ ನೆನಪು ಮಾಡಿಕೊಡುತ್ತೇನೆ ಎಂದೆ.

ಅತ್ತಿ ನನ್ನ ಮುಂಗೈ ಹಿಡಿದಳು.

‘ಹೇಳಬ್ಯಾಡ ಸಿದ್ದು. ನನ್ನ ಮ್ಯಾಲ ಇದ್ರ ಬರೇ ಸಿಟ್ಟಾಗಿ ಇರ್ತದ. ತನ್ನ ಮ್ಯಾಲ ಬಂತಂದ್ರ ಆ ಜೀವ ಉಳಿಯಂಗಿಲ್ಲ.’

ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟೆ. ಬಿಸಿಲಿಗೆ ಆಕೆಯ ಮುಖ ಕಪ್ಪಿಟ್ಟಿತ್ತು. ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಹೋದ ತಿಂಗಳು ಮತ್ತೆ ಕಮಲಾಪುರಕ್ಕೆ ಹೋಗಿದ್ದೆ. ಮಾವ ಇನ್ನಷ್ಟು ಸೊರಗಿದ್ದ. ಪಡಸಾಲೆಯಲ್ಲಿ ಕೂತು ಅಂಗಳದ ಕಾರಿನ ಕಡೆಗೇ ನೋಡುತ್ತಿದ್ದ. ನನ್ನನ್ನು ಕಂಡದ್ದೇ ಹೈದರಾಬಾದಿನವರ ಮಾತು ತೆಗೆದ. ಆ ಮನೆ ಈಗ ನಾಲ್ಕು ಅಂತಸ್ತಾಗಿತ್ತು, ಕೆಳಗೆ ಅಂಗಡಿಗಳೂ ಬಂದಿದ್ದವು. ಆತ ‘ಮಾರ್ಯಾಳಲ್ಲ’ ಎಂಬಲ್ಲಿಗೆ ಬಂದಾಗ ನನ್ನ ಸಹನೆ ಮುಗಿಯಿತು. ಅತ್ತಿಯ ಮಾತನ್ನು ಮೀರುವಂತಿರಲಿಲ್ಲ. ಆದರೆ ಆಕೆ ಹುಡುಕಲು ಬಂದದ್ದನ್ನು ಹೇಳಬೇಡವೆಂದಿರಲಿಲ್ಲವಲ್ಲ. ಅದನ್ನು ಹೇಳಿದೆ. ಗುಡಿಯ ನೆಪ ಮಾಡಿ ಬಂದದ್ದು, ಆ ಬಿಸಿಲು, ಆ ಅಂಗಡಿಗಳು, ಜನ ನಕ್ಕದ್ದು, ಎರಡೂ ಕೈ ಚಾಚಿ ಇಷ್ಟುದ್ದ ಇಷ್ಟೆತ್ತರ ಎಂದು ತೋರಿಸಿದ್ದು. ಈಗಾದರೂ ಈ ಮನುಷ್ಯ ಕರಗಬಹುದು, ಒಳಗೆ ಹೋಗಿ ಆಕೆಯೊಡನೆ ಒಂದು ಮಾತಾಡಬಹುದು ಎಂದುಕೊಂಡೆ.

ಮಾವ ನಿಜವಾಗಿಯೂ ಮುಂದಕ್ಕೆ ಬಾಗಿದ. ಎಷ್ಟೋ ದಿನಗಳ ಮೇಲೆ ಅವನ ಕಣ್ಣಿನಲ್ಲಿ ಜೀವ ಕಂಡಿತು. ನನ್ನ ಮೊಣಕಾಲ ಮೇಲೆ ಕೈ ಇಟ್ಟ.

‘ಸಿಕ್ತೇನು?’ ಎಂದ.

ಚಹಾ ತಂದ ಅತ್ತಿ ಒಳಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು.

‘ಇಲ್ರಿ,’ ಎಂದಳು. ‘ಸಿಗಲಿಲ್ಲ.’

ಮಾವ ಕೈ ತೆಗೆದುಕೊಂಡು ಹಿಂದಕ್ಕೆ ಒರಗಿದ. ಅತ್ತಿ ಆತನ ಮುಂದೊಂದು, ನನ್ನ ಮುಂದೊಂದು ಕಪ್ಪು ಇಟ್ಟಳು. ಕೊಡು ಅಂದವ ನೀನೇ ಮಾವ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ತಲೆ ಎತ್ತಿದೆ. ಅತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ಚಹಾ ಕುಡಿದೆ.